ನೇತ್ರಾವತಿಯ ನೀರಿಗೆ ಯಂತ್ರದ ಹಂಗೇಕೆ?

ಬಯಲುಸೀಮೆಯ ಮನೆಗಳಲ್ಲಿ ನೀರಿನ ಗುಣ ಮೊದಲು ತಿಳಿಯುವುದು ಅಡುಗೆಮನೆಯಲ್ಲಿ. ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯದಿದ್ದರೆ, ಸಾಬೂನು ನೊರೆ ಬಿಡದಿದ್ದರೆ, ನೀರು ಕಾಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟಿದರೆ, ಅದು ಗಡಸು ನೀರೆಂದು ನಮ್ಮ ತಾಯಂದಿರು ಯಾವ ಉಪಕರಣದ ನೆರವೂ ಇಲ್ಲದೆ ಹೇಳಬಲ್ಲರು. ಗದಗ, ಕೊಪ್ಪಳ, ರಾಯಚೂರು ಭಾಗದ ಅನೇಕ ಸದ್ಭಕ್ತರು ಇಂಥ ನೀರನ್ನೇ ಕುಡಿದು ಬೆಳೆದವರು. ಅವರಲ್ಲಿ ಕೆಲವರ ಮಕ್ಕಳು ಇಂದು ವ್ಯಾಸಂಗಕ್ಕೋ ಉದ್ಯೋಗಕ್ಕೋ ಮಂಗಳೂರಿನಲ್ಲಿ ನೆಲೆಸಿದ್ದಾರೆ. ಊರಿನ ರೊಟ್ಟಿ, ಚಟ್ನಿಪುಡಿಗಳ ಜೊತೆಗೆ ಗಡಸು ನೀರಿನ ಭಯವನ್ನೂ ಅವರು ಕರಾವಳಿಗೆ ಕೊಂಡೊಯ್ದಿದ್ದಾರೆ. ಆ ಭಯ ಅಲ್ಲಿ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಕಳೆದ ಬೇಸಿಗೆಯಲ್ಲಿ ಅಂಥದೊಂದು ಭಕ್ತ ಕುಟುಂಬವನ್ನು ಕಾಣಲು ಮಂಗಳೂರಿಗೆ ಹೋಗಿದ್ದೆವು. ಅಡುಗೆಮನೆಯ ಗೋಡೆಯ ಮೇಲೆ ಹೊಸ ಆರ್‌.ಓ. ಯಂತ್ರ ಕಂಡಿತು. ಎರಡು ತಿಂಗಳ ಹಿಂದೆ ಹಿರಿಯ ಮಗ ಕಾಮಾಲೆಯಿಂದ ಮಲಗಿದ್ದನಂತೆ. ಅದೇ ಸಮಯಕ್ಕೆ ಬಂದ ಮಾರಾಟಗಾರನೊಬ್ಬ ಎರಡು ಲೋಟಗಳಲ್ಲಿ ನೀರಿಟ್ಟು, ವಿದ್ಯುತ್ ಹಾಯುವ ಲೋಹದ ಕಡ್ಡಿಗಳನ್ನು ಅದ್ದಿದನಂತೆ. ನಲ್ಲಿಯ ನೀರು ಕಂದುಬಣ್ಣಕ್ಕೆ ತಿರುಗಿತು. ಯಂತ್ರದ ನೀರು ತಿಳಿಯಾಗಿಯೇ ಉಳಿಯಿತು. ತಾಯಿ ಹೆದರಿ, ಕಂತಿನ ಮೇಲೆ ಯಂತ್ರ ಕೊಂಡರು. ಆದರೆ ಅಂಗಳದಲ್ಲಿ ನೀರು ತುಂಬಿಡುವ ಸಂಪಿನ ಮುಚ್ಚಳ ಒಡೆದಿತ್ತು. ಅದರ ಪಕ್ಕದಲ್ಲಿಯೇ ಬಚ್ಚಲಿನ ನೀರು ಹರಿಯುತ್ತಿತ್ತು. ಯಂತ್ರ ಬಂದ ಮೇಲೂ ಮಕ್ಕಳು ಬಾಯಿ ಮುಕ್ಕಳಿಸುತ್ತಿದ್ದುದು, ತಾಯಿ ತರಕಾರಿ ತೊಳೆಯುತ್ತಿದ್ದುದು ಆ ಸಂಪಿನ ನೀರಿನಲ್ಲಿಯೇ.

ಲೋಟದಲ್ಲಿ ಕಂಡ ಕಂದುಬಣ್ಣ ನೀರಿನ ಕೊಳೆಯಲ್ಲ, ಕಡ್ಡಿಯ ಕಬ್ಬಿಣ. ನೀರಿನಲ್ಲಿ ಲವಣಾಂಶವಿದ್ದರೆ ವಿದ್ಯುತ್ ಹರಿಯುತ್ತದೆ. ಆಗ ಕಡ್ಡಿಯ ಕಬ್ಬಿಣ ಕರಗಿ ತುಕ್ಕಿನ ಬಣ್ಣ ಕೊಡುತ್ತದೆ. ಯಂತ್ರದ ನೀರಿನಲ್ಲಿ ಲವಣವಿಲ್ಲದಿರುವುದರಿಂದ ವಿದ್ಯುತ್ ಹರಿಯದು, ಬಣ್ಣವೂ ಬಾರದು. ಅದೇ ಶುದ್ಧ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಬೆರೆಸಿ ಮತ್ತೆ ಕಡ್ಡಿ ಅದ್ದಿ ನೋಡಿದರೆ ಅದೂ ಕಂದಾಗುತ್ತದೆ. ಈ ಆಟದಿಂದ ರೋಗಾಣುವಿನ ವಿಷಯವಾಗಿ ಏನೂ ತಿಳಿಯುವುದಿಲ್ಲ. ಟಿ.ಡಿ.ಎಸ್‌. ಮೀಟರಿನ ಮಿತಿಯೂ ಇದೇ. ಅದು ಕರಗಿದ ಲವಣಗಳ ಅಂದಾಜು ಕೊಡುತ್ತದೆಯೇ ಹೊರತು ಕಾಮಾಲೆಯ ರೋಗಾಣುವನ್ನು ಕಾಣಲಾರದು.

ಗಡಸುತನವೆಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಅಂಶ. ಲೀಟರಿಗೆ 60 ಮಿಲಿಗ್ರಾಂವರೆಗೆ ಇದ್ದರೆ ಮೆದು ನೀರು, 180 ದಾಟಿದರೆ ಅತಿ ಗಡಸು ನೀರು ಎಂಬುದು ರೂಢಿಯ ವಿಂಗಡಣೆ. ಭಾರತೀಯ ಮಾನಕ ಬ್ಯೂರೋ 2012ರ ತನ್ನ ಮಾನಕದಲ್ಲಿ ಕುಡಿಯುವ ನೀರಿಗೆ 200 ಮಿಲಿಗ್ರಾಂ ಸ್ವೀಕಾರಾರ್ಹವೆಂದಿದೆ; ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೆ ಒಪ್ಪಿದೆ. ಮಂಗಳೂರಿನ ನಲ್ಲಿಗಳಿಗೆ ನೀರು ಬರುವುದು ಬಂಟ್ವಾಳ ತಾಲ್ಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬರುವ ಈ ನದಿ ಮಳೆಯಿಂದ ತುಂಬುವಂಥದು. ಸುಣ್ಣಕಲ್ಲಿನ ಸೀಮೆಯನ್ನು ಹಾಯ್ದು ಬರುವಂಥದಲ್ಲ. ಆದ್ದರಿಂದ ಅದರ ನೀರು ಸಹಜವಾಗಿಯೇ ಮೆದು. ಅಲ್ಲಿ ಬೇಳೆ ಬೇಗ ಬೇಯುತ್ತದೆ, ಸಾಬೂನು ಧಾರಾಳವಾಗಿ ನೊರೆಗಟ್ಟುತ್ತದೆ. ಇಲ್ಲದ ಗಡಸುತನವನ್ನು ತೆಗೆಯಲು ಯಂತ್ರ ಕೊಳ್ಳುವುದು ವ್ಯರ್ಥ ವೆಚ್ಚವೆಂದೇ ನಮ್ಮ ಅಭಿಪ್ರಾಯ.

ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಯಾವ ಮಿತಿಯನ್ನೂ ವಿಧಿಸಿಲ್ಲ. ಕಲ್ಲಿನ ತೊಂದರೆಗೆ ಸಾಕಷ್ಟು ನೀರು ಕುಡಿಯದಿರುವುದು ಎದ್ದುಕಾಣುವ ಕಾರಣಗಳಲ್ಲೊಂದು. ಬೆವರು ಹೆಚ್ಚಾಗಿ ಸುರಿಯುವ ಕರಾವಳಿಯಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಆರ್‌.ಓ. ಯಂತ್ರ ಎಲ್ಲಿಯೂ ಬೇಡವೆಂದು ಯಾರೂ ತಿಳಿಯಬಾರದು. ಬಯಲುಸೀಮೆಯ ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದಿ, ಕೀಲು ಬಿಗಿದು, ಬೆನ್ನು ಬಾಗುವುದನ್ನು ನಾವು ಕಂಡಿದ್ದೇವೆ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ಅಂಥ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವೇ ಆಸರೆ. ಒಂದು ಊರಿಗೆ ಔಷಧವಾದದ್ದು ಇನ್ನೊಂದು ಊರಿಗೂ ಔಷಧವಾಗಬೇಕೆಂದಿಲ್ಲ.

ಹಾಗಾದರೆ ಮಂಗಳೂರಿನಲ್ಲಿ ಅಂಜಬೇಕಾದದ್ದು ಯಾವುದಕ್ಕೆ? ಮೊದಲನೆಯದು ರೋಗಾಣುಗಳಿಗೆ. ಬೇಸಿಗೆಯಲ್ಲಿ ನೀರು ದಿನ ಬಿಟ್ಟು ದಿನ ಬಂದಾಗ ಕೊಳವೆಗಳು ಬರಿದಾಗುತ್ತವೆ. ಒತ್ತಡವಿಲ್ಲದ ಕೊಳವೆ ತನ್ನ ಬಿರುಕುಗಳಿಂದ ಸುತ್ತಲಿನ ಚರಂಡಿಯ ನೀರನ್ನು ಒಳಗೆಳೆದುಕೊಳ್ಳಬಲ್ಲುದು. ಕಾಮಾಲೆ, ಟೈಫಾಯ್ಡ್, ವಾಂತಿಭೇದಿಗಳು ಹೀಗೆ ಮನೆ ಹೊಗುತ್ತವೆ. ಎರಡನೆಯದು ಉಪ್ಪಿಗೆ. ಕಡಲತೀರದ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಅಡಿಯ ಉಪ್ಪುನೀರು ಸುಮಾರು 40 ಅಡಿ ಮೇಲೇರಬಲ್ಲುದೆಂಬುದು ಭೂಜಲಶಾಸ್ತ್ರದ ಲೆಕ್ಕ. ಅಳಿವೆ, ಹಿನ್ನೀರುಗಳ ಸಮೀಪದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುವುದು ಇದರಿಂದಲೇ. ಮೂರನೆಯದು, ಮುರಕಲ್ಲಿನ ನೆಲದ ಬಾವಿನೀರು ಮೆದುವಾಗಿದ್ದರೂ ಕೆಲವೆಡೆ ಆಮ್ಲೀಯವಾಗಿರುತ್ತದೆ. ಅದು ಲೋಹದ ಕೊಳವೆಗಳನ್ನು ನಿಧಾನವಾಗಿ ಸವೆಸುತ್ತದೆ.

ಯಂತ್ರಕ್ಕೆ ಇನ್ನೊಂದು ಬೆಲೆಯೂ ಇದೆ. ಮನೆಬಳಕೆಯ ಸಾಮಾನ್ಯ ಆರ್‌.ಓ. ಯಂತ್ರ ಒಂದು ಲೀಟರ್ ನೀರು ಕೊಡಲು ಎರಡು ಮೂರು ಲೀಟರ್ ನೀರನ್ನು ಹೊರಚೆಲ್ಲುತ್ತದೆ. 2019 ಮತ್ತು 2023ರ ಬೇಸಿಗೆಗಳಲ್ಲಿ ತುಂಬೆಯ ನೀರು ತಳ ಹಿಡಿದು ಮಂಗಳೂರಿನಲ್ಲಿ ನೀರಿನ ಪಡಿತರ ಜಾರಿಯಾಗಿತ್ತು. ಅಂಥ ನಗರದಲ್ಲಿ ಒಳ್ಳೆಯ ನೀರನ್ನು ಬಚ್ಚಲಿಗೆ ಬಿಡುವುದು ನೆರೆಮನೆಯವರ ಪಾಲನ್ನು ಚೆಲ್ಲಿದಂತೆ. ಟಿ.ಡಿ.ಎಸ್‌. 500 ಮಿಲಿಗ್ರಾಂಗಿಂತ ಕಡಿಮೆ ಇರುವೆಡೆ ಈ ಯಂತ್ರಗಳನ್ನು ನಿಷೇಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿಯೇ ಕೇಂದ್ರ ಸರಕಾರಕ್ಕೆ ನಿರ್ದೇಶನ ನೀಡಿತ್ತು.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ಯಂತ್ರ ಕೊಳ್ಳುವ ಮುನ್ನ ನೀರನ್ನು ಪರೀಕ್ಷೆ ಮಾಡಿಸಿರಿ. ಲವಣ, ಗಡಸುತನ, ಫ್ಲೋರೈಡ್, ನೈಟ್ರೇಟ್‌ಗಳ ಜೊತೆಗೆ ರೋಗಾಣು ಪರೀಕ್ಷೆಯನ್ನೂ ಕೇಳಿ ಮಾಡಿಸಿರಿ. ನದಿಯ ನೀರು ಬರುವ ಮನೆಯಲ್ಲಿ ಸಂಪು ಮತ್ತು ಮೇಲಿನ ತೊಟ್ಟಿಯನ್ನು ಆರು ತಿಂಗಳಿಗೊಮ್ಮೆಯಾದರೂ ತೊಳೆಸಿ, ಭದ್ರವಾಗಿ ಮುಚ್ಚಿರಿ. ಕುಡಿಯುವ ನೀರನ್ನು ಕೊತಕೊತ ಕುದಿಸಿ, ಅದೇ ಪಾತ್ರೆಯಲ್ಲಿ ಆರಲು ಬಿಡಿರಿ. ಬಾವಿಯ ನೀರು ಉಪ್ಪಾದವರು, ಮೂಲ ತಿಳಿಯದ ಟ್ಯಾಂಕರ್ ನೀರನ್ನು ನೆಚ್ಚಿದವರು ಪರೀಕ್ಷೆಯ ಫಲ ನೋಡಿ ಯಂತ್ರದ ಮಾತು ಯೋಚಿಸಲಿ.

ಮನೆಯ ಜವಾಬ್ದಾರಿ ಇಷ್ಟಾದರೆ, ನಗರಾಡಳಿತಕ್ಕೂ ಒಂದು ಹೊಣೆಯಿದೆ. ಮಾನಕದ ಪ್ರಕಾರ ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕೊನೆಯ ಬೀದಿಯ ಕೊನೆಯ ಮನೆಯಲ್ಲಿ ಅದು ಉಳಿದಿದೆಯೇ ಎಂಬುದನ್ನು ವಾರ್ಡುವಾರು ಪರೀಕ್ಷಿಸಿ ಜನರಿಗೆ ತಿಳಿಸಬೇಕೆಂದು ನಾವೆಲ್ಲರೂ ಕೇಳಬೇಕು. ಉಳ್ಳವರು ಯಂತ್ರ ಕೊಂಡು ಸುಮ್ಮನಾದರೆ, ಇಲ್ಲದವರ ನಲ್ಲಿಯನ್ನು ಕುರಿತು ಕೇಳುವವರು ಯಾರು? ದಾಸೋಹದ ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಕೊಡದ ನೀರು ಸಲ್ಲುತ್ತದೆ. ಊರಿನ ನಲ್ಲಿಯೂ ಹಾಗೆಯೇ ಎಲ್ಲರಿಗೂ ಸಮನಾಗಿ ಶುದ್ಧವಾಗಿರಲಿ ಎಂಬುದೇ ನಮ್ಮ ಹಾರೈಕೆ.

ಆ ಮನೆಯವರು ಮರುವಾರವೇ ಸಂಪಿಗೆ ಹೊಸ ಮುಚ್ಚಳ ಹಾಕಿಸಿ, ಬಚ್ಚಲಿನ ನೀರನ್ನು ಬೇರೆಡೆಗೆ ತಿರುಗಿಸಿದ್ದಾಗಿ ತಿಳಿಸಿದರು. ಯಂತ್ರದ ಕಂತುಗಳು ಇನ್ನೂ ಮುಗಿದಿಲ್ಲವಂತೆ.