ತಾರೀಕಿನ ಗೆರೆ

ಕಳೆದ ತಿಂಗಳು ಒಂದು ಅನುವಾದವನ್ನು ಅರ್ಧಕ್ಕೇ ಬಿಟ್ಟು ಮುಂಗಡ ಹಣ ವಾಪಸ್ ಕಳಿಸಿದೆ. ಇಂಗ್ಲಿಷಿನ ಹದಿನಾರು ಪುಟದ ಕರಪತ್ರ; ಕ್ರೈಸ್ತ ವಿಶ್ವಾಸಿಗೆ ತನ್ನ ರಕ್ಷಣೆಯ ಬಗ್ಗೆ ಇರಬೇಕಾದ ನಿಶ್ಚಯ ಅದರ ವಿಷಯ. ಕೊನೆಯಲ್ಲಿ ಒಂದು ಸಣ್ಣ ಪ್ರಾರ್ಥನೆ, ಅದರ ಕೆಳಗೆ ಎರಡು ಗೆರೆ: ಹೆಸರು, ತಾರೀಕು. ಮುಂದೆ ಯಾವಾಗ ಅನುಮಾನ ಬಂದರೂ ಈ ತಾರೀಕು ತೆಗೆದು ನೋಡಿ ಎಂಬ ಸೂಚನೆ ಬೇರೆ. ನನ್ನ ಕೈ ನಿಂತದ್ದು ಅಲ್ಲಿ.

ಕಾರಣ ನನ್ನ ದೊಡ್ಡಮ್ಮ. ಮುಂಬಯಿಯ ಕನ್ನಡ ಸಭೆಯೊಂದರಲ್ಲಿ ನಲವತ್ತು ವರ್ಷ ಭಾನುವಾರ ತಪ್ಪಿಸದವರು. ಕಡೆಯ ಎರಡು ವರ್ಷ ಮರೆವಿನ ಕಾಯಿಲೆ. ನೋಡಲು ಬಂದ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ಆಂಟಿ, ನೀವು ರಕ್ಷಣೆ ಹೊಂದಿದ ದಿನ ನೆನಪಿದೆಯಾ?" ಎಂದು ಕೇಳಿದರು. ನೆನಪಿರಲಿಲ್ಲ. ಆಮೇಲೆ ಒಂದು ವಾರ ದೊಡ್ಡಮ್ಮ ಕಂಡವರನ್ನೆಲ್ಲ ಹಿಡಿದು, "ಆ ದಿನ ಯಾವುದು, ನಿನಗೆ ಗೊತ್ತುಂಟಾ ಮಗಾ?" ಎನ್ನುತ್ತಿದ್ದರು. ಗಂಡ ತೀರಿಕೊಂಡದ್ದನ್ನೇ ಮರೆತವರಿಗೆ ಈ ಪ್ರಶ್ನೆ ಮಾತ್ರ ಮರೆಯಲಿಲ್ಲ.

ಇಂಥ ಕರಪತ್ರಗಳಿಗೆಲ್ಲ ಆಧಾರ ಯೋಹಾನನ ಮೊದಲನೆಯ ಪತ್ರದ 5ನೇ ಅಧ್ಯಾಯ, 13ನೇ ವಚನ. ನಿತ್ಯಜೀವ ತಮಗುಂಟು ಎಂದು ವಿಶ್ವಾಸಿಗಳು ತಿಳಿಯಲಿ ಎಂದೇ ಬರೆದೆ ಎನ್ನುತ್ತಾನೆ. ತಿಳಿಯಬಹುದು, ಸರಿ. ಕೊನೆವರೆಗೂ ನಿಲ್ಲುವೆನೆಂದು ವಿಶೇಷ ಪ್ರಕಟಣೆ ಇಲ್ಲದೆ ಯಾರೂ ಸಂಪೂರ್ಣ ನಿಶ್ಚಯದಿಂದ ಹೇಳಕೂಡದೆಂದು 1547ರಲ್ಲಿ ಟ್ರೆಂಟ್ ಮಹಾಸಭೆ ವಿಧಿಸಿತು. ಆ ಜಗಳದಲ್ಲಿ ನಾನು ಪ್ರೊಟೆಸ್ಟಂಟರ ಕಡೆಯೇ. ಆದರೆ ತಿಳಿಯುವವರು ಯಾರು? ಗ್ರೀಕ್ ಮೂಲದಲ್ಲಿರುವುದು ವರ್ತಮಾನ ಕೃದಂತ: ನಂಬುವವರು. ಕರಪತ್ರದ ತುಂಬ ಇರುವುದು ನಂಬಿದವರು.

ಅದೇ ಪತ್ರದ 3ನೇ ಅಧ್ಯಾಯದ 14ನೇ ವಚನ ಇನ್ನೂ ಚೆನ್ನ. ಸಾವಿನಿಂದ ಜೀವಕ್ಕೆ ದಾಟಿದ್ದೇವೆ ಎನ್ನುವಲ್ಲಿ ಯೋಹಾನ ಬಳಸುವುದು, ಆಗಿಹೋದದ್ದರ ಫಲ ಈಗಲೂ ಉಳಿದಿದೆ ಎಂದು ಸೂಚಿಸುವ ಕ್ರಿಯಾರೂಪ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. "ಮಳೆ ಬಂತು" ಅಂದರೆ ಎಷ್ಟು ಹೊತ್ತಿಗೆ ಎಂದು ಕೇಳಬಹುದು. "ಮಳೆ ಬಂದಿದೆ" ಅನ್ನುವವನು ರಾತ್ರಿಯೆಲ್ಲ ನಿದ್ದೆ ಹೋಗಿದ್ದಿರಬಹುದು. ಬೆಳಿಗ್ಗೆ ಎದ್ದು ಒದ್ದೆ ಅಂಗಳ ನೋಡಿ ಹೇಳುತ್ತಾನೆ. ಯೋಹಾನ ತೋರಿಸುವ ಒದ್ದೆ ಅಂಗಳವೆಂದರೆ ಸಹೋದರರ ಮೇಲಿನ ಪ್ರೀತಿ. ತಾರೀಕಿನ ಸುಳಿವೇ ಇಲ್ಲ.

ತಾರೀಕಿನ ಪಕ್ಷದವರು ಆಗ ಜಾನ್ ವೆಸ್ಲಿಯನ್ನು ಸಾಕ್ಷಿಗೆ ಕರೆಯುತ್ತಾರೆ. 1738ರ ಮೇ 24, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿ, ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ಎದೆ ಬೆಚ್ಚಗಾದದ್ದು: ಗಂಟೆ ಸಮೇತ ಬರೆದಿಟ್ಟಿದ್ದಾನೆ. ಎಂಟು ತಿಂಗಳು ತುಂಬುವ ಮೊದಲೇ, 1739ರ ಜನವರಿ 4ರಂದು, ತಾನು ಈಗಲೂ ಕ್ರೈಸ್ತನಲ್ಲ ಎಂದು ಅದೇ ದಿನಚರಿಯಲ್ಲಿ ಬರೆದ. ಈ ಎರಡನೇ ತಾರೀಕನ್ನು ಯಾವ ಕರಪತ್ರವೂ ಅಚ್ಚು ಹಾಕಿದ್ದನ್ನು ನಾನು ನೋಡಿಲ್ಲ. ಮೊದಲನೆಯದು ಕೈಯಲ್ಲೇ ಇತ್ತು, ಆ ದಿನ ಒದಗಲಿಲ್ಲ.

ಪ್ರೀತಿಯನ್ನು ಗುರುತು ಮಾಡಿಕೊಂಡರೆ ದಿನಾ ಎದೆ ತಡವಿಕೊಂಡು ಕೂರಬೇಕಲ್ಲ ಎಂದರೆ, ಆಕ್ಷೇಪ ನ್ಯಾಯವಾದದ್ದೇ. ಇವತ್ತು ಅತ್ತಿಗೆ ಮೇಲೆ ರೇಗಿದೆ. ಹಾಗಾದರೆ ಇವತ್ತಿಗೆ ನರಕವೇ? (ಈ ಭಯವನ್ನೇ ಬಂಡವಾಳ ಮಾಡಿಕೊಂಡ ಬೋಧಕರೂ ಇದ್ದಾರೆ. ಅವರ ವಿಷಯದಲ್ಲಿ ನನಗೆ ಸಹನೆ ಇನ್ನೂ ಕಡಿಮೆ.) ಯೋಹಾನ ಇದನ್ನೂ ಊಹಿಸಿದ್ದ. ಆರೇ ವಚನ ಮುಂದೆ, ನಮ್ಮ ಮನಸ್ಸೇ ನಮ್ಮನ್ನು ತಪ್ಪಿತಸ್ಥರೆಂದರೂ ದೇವರು ಆ ಮನಸ್ಸಿಗಿಂತ ದೊಡ್ಡವನೆಂದು ಬರೆದಿದ್ದಾನೆ. ಮನಸ್ಸಿಗಿಂತ ದೊಡ್ಡವನು ಮರೆವಿಗಿಂತಲೂ ದೊಡ್ಡವನಾಗಿರಲೇಬೇಕು.

ದೊಡ್ಡಮ್ಮನಿಗೆ ಕೊನೆಗೆ ನನ್ನ ಹೆಸರೂ ಹೋಗಿತ್ತು. ಆದರೆ ಊಟಕ್ಕೆ ಕೂತರೆ, ಕೆಲಸದ ಹುಡುಗಿಗೆ ಬಡಿಸಿದಿರಾ ಎಂದು ಕೇಳದೆ ತುತ್ತು ಎತ್ತುತ್ತಿರಲಿಲ್ಲ. ದಿನ ಕೇಳಲು ಬಂದವರು ಊಟದ ಹೊತ್ತಿನವರೆಗೆ ಕಾಯಲಿಲ್ಲ.

ಕರಪತ್ರದವರು ಮೊನ್ನೆ ಮತ್ತೆ ಬರೆದಿದ್ದಾರೆ. ಇಂಗ್ಲಿಷಿನಲ್ಲಿ ಇರುವುದರಿಂದ ಕನ್ನಡದಲ್ಲೂ ತಾರೀಕಿನ ಗೆರೆ ಇರಲೇಬೇಕಂತೆ. ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದು ಉತ್ತರಿಸಿದ್ದೇನೆ.