ಕಲಿತದ್ದನ್ನು ಅಳೆಯುವ ಕೊಳಗ ಯಾವುದು?

ನಮ್ಮ ಕರಾವಳಿಯ ಕಾಲೇಜುಗಳಲ್ಲಿ ಈಗ ಆನ್‌ಲೈನ್ ಕೋರ್ಸುಗಳ ಮಾತು ಸರ್ವಸಾಮಾನ್ಯವಾಗಿದೆ. ಭಟ್ಕಳವಿರಲಿ, ಹೊನ್ನಾವರವಿರಲಿ, ಕುಮಟೆಯಿರಲಿ, ನಾಲ್ಕು ಜನ ವಿದ್ಯಾರ್ಥಿಗಳು ಕೂಡಿದಲ್ಲಿ ಒಬ್ಬನ ಫೋನಿನಲ್ಲಾದರೂ ಒಂದು ಪ್ರಮಾಣಪತ್ರವಿರುತ್ತದೆ. “ಮುಗಿಸಿದೆಯಾ?” ಎಂದು ಕೇಳುವವರುಂಟು, “ಏನು ಕಲಿತೆ?” ಎಂದು ಕೇಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಪಡೆಯುವ ಬಗೆ ಹೇಗೆಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ಮನಸ್ಸಿನಲ್ಲಿತ್ತು.

ನಾನು ಈ ಕೋರ್ಸುಗಳ ವಿರೋಧಿಯಲ್ಲ. ಐ.ಐ.ಟಿ.ಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಎನ್.ಪಿ.ಟಿ.ಇ.ಎಲ್. ಯೋಜನೆಯನ್ನು ಆರಂಭಿಸಿದ್ದು 2003ರಲ್ಲಿ. ಕೇಂದ್ರ ಸರಕಾರದ ‘ಸ್ವಯಂ’ ಉದ್ಘಾಟನೆಯಾದುದು 2017ರ ಜುಲೈ 9ರಂದು. ಗೇರುಸೊಪ್ಪೆಯ ಕಡೆಯ ಹುಡುಗಿಯೊಬ್ಬಳು ಮದರಾಸಿನ ಪ್ರಾಧ್ಯಾಪಕರ ಪಾಠವನ್ನು ಮನೆಯ ಜಗಲಿಯಲ್ಲಿ ಕುಳಿತು ಕೇಳಬಹುದೆಂದರೆ ಅದೇನು ಸಣ್ಣ ಸಂಗತಿಯೆ? (ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಇದ್ದರೆ ಎಂಬ ಮಾತನ್ನು ಸೇರಿಸಿಕೊಳ್ಳಬೇಕು.) ಸೇರುವುದಕ್ಕೆ ಹಣ ಬೇಡ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವುಂಟು.

ಆದರೆ 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಮಾಡಿದ ನಿಯಮದ ಪ್ರಕಾರ, ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ನೂರಕ್ಕೆ 40ರಷ್ಟನ್ನು ‘ಸ್ವಯಂ’ ಮೂಲಕವೇ ಪೂರೈಸಲು ಅವಕಾಶವಿದೆ. ಅಂದರೆ ಐದು ವಿಷಯಗಳಲ್ಲಿ ಎರಡು ಫೋನಿನ ಮೇಲೆ ನಡೆಯಬಹುದು. ಉಪನ್ಯಾಸಕರ ಖಾಲಿ ಹುದ್ದೆಯನ್ನು ತುಂಬುವುದಕ್ಕಿಂತ ಒಂದು ಲಿಂಕ್ ಕಳಿಸುವುದು ಬಹಳ ಅಗ್ಗ. ದುಡ್ಡಿದ್ದವರ ಮಕ್ಕಳಿಗೆ ಟ್ಯೂಶನ್ ಇದೆ. ಸರಕಾರಿ ಕಾಲೇಜಿನ ನಮಗೆ ಪಾಠವೆಂದರೆ ಕಾಲೇಜಿನಲ್ಲಿ ಆದದ್ದೇ ಪಾಠ. ಹೀಗಿರುವಾಗ ಒಂದನ್ನು ತೆಗೆದು ಇನ್ನೊಂದನ್ನು ಇಡುವ ಮೊದಲು ಎರಡನ್ನೂ ಅಳೆದು ನೋಡಬೇಕೆಂದು ಕೇಳುವ ಹಕ್ಕು ನಮಗಿಲ್ಲವೆ?

ಈಗ ಅಳೆಯುತ್ತಿರುವುದು ಏನನ್ನು? ಎಷ್ಟು ವಿಡಿಯೋ ನೋಡಿದರು, ಎಷ್ಟು ಅಸೈನ್‌ಮೆಂಟ್ ಕಳಿಸಿದರು ಎಂಬುದನ್ನು. ವಿಡಿಯೋ ತನ್ನಷ್ಟಕ್ಕೆ ಓಡುತ್ತಿರುತ್ತದೆ, ನೋಡಬೇಕಾದವನು ಊಟ ಮಾಡುತ್ತಿರುತ್ತಾನೆ. ಅಸೈನ್‌ಮೆಂಟಿನ ಉತ್ತರ ವಾಟ್ಸಾಪಿನಲ್ಲಿ ಬರುತ್ತದೆ. ಅಲ್ಲಿ ಬಾರದಿದ್ದರೆ ಚಾಟ್‌ಜಿಪಿಟಿ ಇದೆ. ಎನ್.ಪಿ.ಟಿ.ಇ.ಎಲ್.ನವರು ಇದನ್ನು ತಿಳಿದೇ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಎಂದು ಅಂಕ ಹಂಚಿದ್ದಾರೆ. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬಾರದಿದ್ದರೆ ಪ್ರಮಾಣಪತ್ರವಿಲ್ಲ. ಇದು ಪ್ರಾಮಾಣಿಕ ಕ್ರಮವೇ. ಆದರೂ ಆ ಪರೀಕ್ಷೆ ಹೇಳುವುದು ಆ ದಿನ ಅವನಿಗೆ ಎಷ್ಟು ಗೊತ್ತಿತ್ತು ಎಂಬುದನ್ನು. ಆ ಕೋರ್ಸಿನಿಂದ ಎಷ್ಟು ಬಂತು ಎಂಬುದನ್ನಲ್ಲ. ಬಂದರದಲ್ಲಿ ಮೀನನ್ನು ಬುಟ್ಟಿಯ ಸಮೇತ ತೂಗಿದರೆ ಬುಟ್ಟಿಯ ತೂಕವನ್ನು ಕಳೆಯುತ್ತಾರೆ. ಕಾಲೇಜಿನಲ್ಲಿ ಮಾತ್ರ ಯಾರೂ ಖಾಲಿ ಬುಟ್ಟಿಯನ್ನು ತೂಗಿಯೇ ಇಲ್ಲ.

ಅಮೆರಿಕೆಯ ಭೌತಶಾಸ್ತ್ರದ ಅಧ್ಯಾಪಕ ರಿಚರ್ಡ್ ಹೇಕ್ ಎಂಬವರು 1998ರಲ್ಲಿ ಈ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದರು. ಮೊದಲು ಒಂದು ಪರೀಕ್ಷೆ, ಕೊನೆಗೆ ಒಂದು. ಬಂದಾಗ ಗೊತ್ತಿಲ್ಲದೆ ಇದ್ದುದರಲ್ಲಿ ಎಷ್ಟು ಭಾಗ ತುಂಬಿತು ಎಂಬುದೇ ಅವರ ಅಳತೆ. ಒಬ್ಬಳು 20 ಅಂಕದಿಂದ ಹೊರಟು 60ಕ್ಕೆ ಬಂದಳೆನ್ನಿ. ಕಲಿಯಬೇಕಾಗಿದ್ದ 80ರಲ್ಲಿ 40, ಅಂದರೆ ಅರ್ಧ ಕಲಿತಳು. ಇನ್ನೊಬ್ಬ 70ರಿಂದ 80ಕ್ಕೆ ಬಂದ. ಕಲಿಯಬೇಕಾಗಿದ್ದ 30ರಲ್ಲಿ 10, ಅಂದರೆ ಮೂರರಲ್ಲೊಂದು ಪಾಲು. ನೋಟೀಸ್ ಬೋರ್ಡಿನಲ್ಲಿ ಮೊದಲ ಹೆಸರು ಅವನದೇ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದುದರಿಂದ ಈ ಲೆಕ್ಕ ನನಗೆ ತುಸು ಹೆಚ್ಚಾಗಿಯೇ ಹಿಡಿಸಿತೆಂದರೆ ವಾಚಕರು ನಗಬಾರದು. ಹೇಕರು 62 ತರಗತಿಗಳ 6542 ವಿದ್ಯಾರ್ಥಿಗಳ ಲೆಕ್ಕ ತೆಗೆದಾಗ, ಬರಿಯ ಉಪನ್ಯಾಸದ ತರಗತಿಗಳಲ್ಲಿ ಈ ಪಾಲು ಸರಾಸರಿ 0.23 ಬಂತು, ಪ್ರಶ್ನೆ, ಚರ್ಚೆ, ಕೈಕೆಲಸಗಳಿಂದ ನಡೆದ ತರಗತಿಗಳಲ್ಲಿ 0.48. ಇಲ್ಲಿ ನಮ್ಮ ಗುರುಗಳೂ ಸ್ವಲ್ಪ ಯೋಚಿಸಬೇಕಾದುದಿದೆ. ನೋಟ್ಸ್ ಬರೆಸಿ ಮುಗಿಸುವ ತರಗತಿಯನ್ನು ಆನ್‌ಲೈನ್ ಕೋರ್ಸು ಸೋಲಿಸಿದರೆ ಆಶ್ಚರ್ಯವೇನು?

ಸೋಲಿಸಿದ್ದೂ ಉಂಟು. ಎಂ.ಐ.ಟಿ.ಯವರು ತಮ್ಮ ಭೌತಶಾಸ್ತ್ರದ ಆನ್‌ಲೈನ್ ಕೋರ್ಸನ್ನು ಇದೇ ರೀತಿ ಅಳೆದು 2014ರಲ್ಲಿ ಪ್ರಕಟಿಸಿದರು. ಅಲ್ಲಿ ಕಲಿತವರ ಗಳಿಕೆ ಸಾಮಾನ್ಯ ಉಪನ್ಯಾಸದ ತರಗತಿಗಿಂತ ತುಸು ಹೆಚ್ಚು, ಚರ್ಚೆಯ ತರಗತಿಗಿಂತ ಕಡಿಮೆ. ಅದಕ್ಕಿಂತ ಮುಖ್ಯವಾದುದೆಂದರೆ, ಕಡಿಮೆ ತಯಾರಿಯಿಂದ ಬಂದವರೂ ಉಳಿದವರಷ್ಟೇ ಪಾಲನ್ನು ಗಳಿಸಿದ್ದರು. ಇದನ್ನು ಓದಿ ನನಗೆ ನಿಜವಾಗಿ ಸಂತೋಷವಾಯಿತು. ಆದರೆ ಇದು ಕೊನೆಯವರೆಗೆ ಉಳಿದವರ ಲೆಕ್ಕ. ಹಾರ್ವರ್ಡ್, ಎಂ.ಐ.ಟಿ.ಗಳ ಮೊದಲ 17 ಕೋರ್ಸುಗಳಿಗೆ 2012-13ರಲ್ಲಿ 8,41,687 ಹೆಸರು ದಾಖಲಾಗಿದ್ದವು. ಪ್ರಮಾಣಪತ್ರ ಸಂದದ್ದು 43,196ಕ್ಕೆ. ನಡುವೆ ಬಿಟ್ಟವರೆಲ್ಲ ಸೋತವರೆಂದು ನಾನು ಹೇಳಲಾರೆ, ಬೇಕಾದ ಎರಡು ಪಾಠ ಕೇಳಿ ಎದ್ದುಹೋದವರೂ ಇರಬಹುದು. ಆದರೆ ತರಗತಿಗೆ ಬಾರದವನನ್ನು ಮಾಸ್ತರರು ಪೇಟೆಯಲ್ಲಿ ಕಂಡಾಗ ಕೇಳುತ್ತಾರೆ. ಫೋನು ಕೇಳುವುದಿಲ್ಲ.

ನಮ್ಮ ಸ್ವಂತ ಅನುಭವವನ್ನಾದರೂ ಅಳೆದೆವೆ? ನಾವು 2021ರ ಎಸ್.ಎಸ್.ಎಲ್.ಸಿ.ಯವರು. ಒಂದು ವರ್ಷದ ಪಾಠ ಫೋನಿನಲ್ಲೂ ಗುಡ್ಡದ ತುದಿಯಲ್ಲೂ ನಡೆದ ಮೇಲೆ ಜುಲೈ 19 ಮತ್ತು 22ರಂದು ಎರಡೇ ದಿನ ಬಹು ಆಯ್ಕೆಯ ಪರೀಕ್ಷೆ ಬರೆದೆವು. ಎಂಟು ಲಕ್ಷಕ್ಕೂ ಮಿಕ್ಕಿದವರಲ್ಲಿ ಒಬ್ಬರ ಹೊರತು ಎಲ್ಲರೂ ಪಾಸು. ದ್ವಿತೀಯ ಪಿ.ಯು.ಸಿ. ಫಲಿತಾಂಶ 2020ರಲ್ಲಿ ನೂರಕ್ಕೆ 61.80, ಪರೀಕ್ಷೆಯೇ ಇಲ್ಲದ 2021ರಲ್ಲಿ 100, ಮತ್ತೆ 2022ರಲ್ಲಿ 61.88. ಆ ಕಷ್ಟಕಾಲದಲ್ಲಿ ದಯೆ ತೋರಿಸಿದ್ದು ಸರಿಯೇ ಆಗಿತ್ತು. ಆದರೆ ಆನ್‌ಲೈನ್ ಪಾಠದಿಂದ ನಮಗೆ ಬಂದದ್ದೇನು, ಹೋದದ್ದೇನು ಎಂಬುದನ್ನು ಈ ಅಂಕಿಗಳಿಂದ ಯಾವ ಪಂಡಿತನೂ ಹೇಳಲಾರ. ಇಡೀ ರಾಜ್ಯದ ಮಕ್ಕಳು ಕೂಡಿ ಮಾಡಿದ ಅಷ್ಟು ದೊಡ್ಡ ಪ್ರಯೋಗದ ಲೆಕ್ಕ ನಮ್ಮ ಕೈಯಲ್ಲಿಲ್ಲ.

ಭಾಷೆಯ ತೊಡಕು ಬೇರೆ. ಪ್ರಶ್ನೆ ಇಂಗ್ಲಿಷಿನಲ್ಲಿ, ಅದೂ ಎರಡೆರಡು ‘ಅಲ್ಲ’ಗಳನ್ನು ಒಳಗೊಂಡದ್ದು. ಬೇಡಿಕೆ-ಪೂರೈಕೆಯ ನಿಯಮ ಮೀನುಪೇಟೆಯಲ್ಲಿ ಬೆಳೆದವಳಿಗೆ ತಿಳಿಯದ್ದೇನಲ್ಲ. ಪ್ರಶ್ನೆಯ ವಾಕ್ಯ ಬಿಡಿಸಲಾರದೆ ತಪ್ಪು ಗುಂಡಿ ಒತ್ತಿದರೆ ಅಲ್ಲಿ ಅಳೆದದ್ದು ಅರ್ಥಶಾಸ್ತ್ರವನ್ನೋ ಇಂಗ್ಲಿಷನ್ನೋ?

ನನ್ನ ಸೂಚನೆ ಸಣ್ಣದು. ಬರುವ ವರ್ಷ ಆನ್‌ಲೈನ್ ಕೋರ್ಸಿಗೆ ಸೇರುವವರಿಗೆ ಮೊದಲ ದಿನ ಕನ್ನಡದಲ್ಲಿ, ಕಾಗದದ ಮೇಲೆ, 20 ಪ್ರಶ್ನೆ ಕೊಡಬೇಕು. ಮುಗಿದ ದಿನ ಅದೇ ಮಟ್ಟದ 20, ಎರಡು ತಿಂಗಳು ಕಳೆದ ಮೇಲೆ ಇನ್ನೊಮ್ಮೆ. ಜೊತೆಗೆ ಉಪನ್ಯಾಸಕರ ಎದುರು ಐದು ನಿಮಿಷ ಬಾಯಿಮಾತಿನ ಪ್ರಶ್ನೋತ್ತರ. ಅದೇ ವಿಷಯವನ್ನು ತರಗತಿಯಲ್ಲಿ ಕಲಿತವರಿಗೂ ಇದೇ ಪರೀಕ್ಷೆ. ಒಂದು ಕಾಲೇಜಿನ ಹದಿನೈದು ಜನರಿಂದ ಏನೂ ಸಿದ್ಧವಾಗದು. ಭಟ್ಕಳ, ಹೊನ್ನಾವರ, ಕುಮಟೆಗಳ ಕಾಲೇಜುಗಳು ಕೂಡಿದರೆ ಎಣಿಸುವಷ್ಟು ಜನರಾಗುತ್ತಾರೆ. ಅಂಕವಿಲ್ಲದ ಪರೀಕ್ಷೆಯನ್ನು ಯಾರು ಮನಸ್ಸಿಟ್ಟು ಬರೆಯುತ್ತಾರೆ ಎಂದು ಗೆಳೆಯರು ಕೇಳಿದ್ದಾರೆ. ಕೆಲವರು ಬರೆಯಲಿಕ್ಕಿಲ್ಲ. ಆದರೆ ಅಂಕವಿಲ್ಲದಿದ್ದರೆ ನಕಲೂ ಇಲ್ಲ, ಅದಷ್ಟು ಲಾಭ.

ಪ್ರಶ್ನೆ ತೆಗೆಯುವ ಕೆಲಸವನ್ನು ಅರ್ಥಶಾಸ್ತ್ರ ವಿಭಾಗದವರು ವಹಿಸಿಕೊಂಡರೆ ಸಾಕು. ಉತ್ತರಪತ್ರಿಕೆಗಳನ್ನು ಎಣಿಸಿ ಕೋಷ್ಟಕ ಮಾಡಿಕೊಡಲು ನಮ್ಮ ಅಂತಿಮ ವರ್ಗದ ನಾಲ್ವರು ಒಪ್ಪಿದ್ದೇವೆ. ಫಲಿತಾಂಶ ಬಂದ ಮೇಲೂ ಕೆಲಸ ಸಿಗುವ ತನಕ ನಾವು ಊರಿನಲ್ಲಿಯೇ ಇರುತ್ತೇವೆ.