ಒಂದು ಫೈಲಿಗೆ ಹತ್ತು ಸಾಲು

ಗಿಟ್ ಬಳಸುವವರು ದಿನಕ್ಕೆ ಅದೆಷ್ಟು ಸಲ ‘ಗಿಟ್ ಸ್ಟೇಟಸ್’ ಕೊಡುತ್ತೇವೋ ಲೆಕ್ಕವಿಲ್ಲ. ಬದಲಾದದ್ದು ಒಂದೆರಡು ಫೈಲ್ ಆದರೂ ಉತ್ತರ ಹತ್ತಾರು ಸಾಲು: ಯಾವ ಬ್ರಾಂಚ್, ಕಮಿಟ್‌ಗೆ ಸಿದ್ಧವಾದದ್ದೇನು, ಆಗದ್ದೇನು, ಗಿಟ್ ಇನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಫೈಲ್‌ಗಳು ಯಾವುವು. ನಡುನಡುವೆ, ಬೇಡವಾದರೆ ಈ ಕಮಾಂಡ್ ಕೊಡಿ ಎಂಬ ಬುದ್ಧಿಮಾತು ಬೇರೆ. ಗಿಟ್‌ನಂಥದೇ ಇನ್ನೊಂದು ಸಾಧನವಾದ ಮರ್ಕ್ಯೂರಿಯಲ್‌ನಲ್ಲಾದರೆ ಫೈಲಿಗೊಂದು ಅಕ್ಷರ, ಒಂದು ಸಾಲು, ಮುಗಿಯಿತು. ಗಿಟ್‌ನಲ್ಲೂ ಕೇಳಿದರೆ ಅಂಥದೊಂದು ಚಿಕ್ಕ ರೂಪ ಸಿಗುತ್ತದೆ; ಕೇಳದೆಯೂ ಅದೇ ಬರಲಿ ಎನ್ನುವವರಿದ್ದಾರೆ.

ಅವರ ಮಾತಿನಲ್ಲಿ ಹುರುಳಿದೆ. ಕಮಿಟ್‌ಗೆ ಹೋಗಲಿರುವ ಪಟ್ಟಿ ಬರುವುದು ಮೇಲ್ಗಡೆ. ಟೆಸ್ಟ್ ಓಡಿಸಿದಾಗ ಉಳಿದ ಲಾಗ್ ಫೈಲ್‌ಗಳು ಕೆಳಗೆ ಅರವತ್ತಿದ್ದರೆ, ಬೇಕಾದದ್ದೇ ಪರದೆಯಿಂದಾಚೆ ಸರಿದುಹೋಗುತ್ತದೆ. ಸ್ಕ್ರಿಪ್ಟ್‌ಗಳು ಕೆಡುತ್ತವೆ ಎಂಬ ಆಕ್ಷೇಪಕ್ಕೂ ಈಗ ಅಷ್ಟು ಬಲವಿಲ್ಲ; 2010ರ 1.7.0 ಆವೃತ್ತಿಯಿಂದಲೇ ಅವುಗಳಿಗಾಗಿ ‘ಪೋರ್ಸ್‌ಲೇನ್’ ಎಂಬ ಬದಲಾಗದ ರೂಪ ಪ್ರತ್ಯೇಕವಾಗಿದೆ.

ಆದರೆ ಗಿಟ್‌ನಲ್ಲಿ ಫೈಲಿಗೂ ಕಮಿಟ್‌ಗೂ ನಡುವೆ ಇಂಡೆಕ್ಸ್ ಎಂಬ ಇನ್ನೊಂದು ನಿಲ್ದಾಣವಿದೆ. ಚಿಕ್ಕ ರೂಪ ಅದನ್ನು ಎರಡು ಕಾಲಮ್‌ಗಳಲ್ಲಿ ಹೇಳುತ್ತದೆ. ಎಡಗಡೆ ‘ಎಂ’ ಇದ್ದರೆ ಬದಲಾವಣೆ ಕಮಿಟ್‌ಗೆ ಸಿದ್ಧ, ಬಲಗಡೆ ಇದ್ದರೆ ಇನ್ನೂ ಆ್ಯಡ್ ಮಾಡಿಲ್ಲ. ಎರಡಕ್ಕೂ ವ್ಯತ್ಯಾಸ ಒಂದು ಖಾಲಿ ಜಾಗ, ಮತ್ತೆ ಹಸಿರು-ಕೆಂಪು ಬಣ್ಣ. ಆ ಎರಡು ಬಣ್ಣಗಳೇ ಬೇರೆಯಾಗಿ ಕಾಣದವರಿಗೆ ಖಾಲಿ ಜಾಗವೊಂದೇ ಗತಿ. ಕಣ್ಣು ಸರಿಯಿರುವ ನಾನೇ ಒಮ್ಮೆ ಎಡವಿದ್ದೇನೆ: ಆ್ಯಡ್ ಮಾಡಿದ ಮೇಲೆ ಅದೇ ಫೈಲಿನಲ್ಲಿ ಒಂದು ತಪ್ಪು ತಿದ್ದಿದೆ, ‘ಎಂಎಂ’ ಎಂದು ಬಂದದ್ದನ್ನು ‘ಎಂ’ ಎಂದೇ ಓದಿಕೊಂಡೆ, ತಿದ್ದದ ಕೋಡನ್ನೇ ಪುಶ್ ಮಾಡಿದೆ. ಉದ್ದನೆಯ ರೂಪ ಅಂಥ ಫೈಲಿನ ಹೆಸರನ್ನು ಎರಡು ಕಡೆ ಬರೆಯುತ್ತದೆ. ಮೊದಲ ಸಲ ನೋಡಿದವರಿಗೆ ಬಗ್ ಅನ್ನಿಸಬಹುದು. ನಿಜ ಸ್ಥಿತಿ ಅದೇ.

ಬುದ್ಧಿಮಾತುಗಳನ್ನೂ ಪೂರಾ ತೆಗೆದುಹಾಕಲು ನನಗೆ ಮನಸ್ಸಿಲ್ಲ. 2019ರಲ್ಲಿ ‘ರಿಸ್ಟೋರ್’ ಕಮಾಂಡ್ ಬಂದಾಗ ನಾನದನ್ನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಸ್ಟೇಟಸ್‌ನ ಆ ಆವರಣದೊಳಗಿನ ಸಾಲಿನಿಂದ. ಬೇಡವೆನ್ನುವ ಪಳಗಿದವರು ಕಾನ್ಫಿಗ್‌ನಲ್ಲಿ ಮುಚ್ಚಿಕೊಳ್ಳಬಹುದು. ಮೊದಲೇ ಮುಚ್ಚಿಟ್ಟರೆ ಹೊಸಬರಿಗೆ ಅಂಥದ್ದೊಂದು ಇದೆಯೆಂದೇ ತಿಳಿಯದು. ಹಾಗೆಂದು ‘ಸೆಟ್ಟಿಂಗ್ ಇದೆಯಲ್ಲ’ ಎನ್ನುವುದೂ ಅರೆ ಉತ್ತರವೇ. ಯಾವುದೋ ಸರ್ವರ್‌ಗೆ ಲಾಗಿನ್ ಆದಾಗ ನಮ್ಮ ಕಾನ್ಫಿಗ್ ನಮ್ಮ ಹಿಂದೆ ಬರುವುದಿಲ್ಲ.

ಉದ್ದನೆಯ ರೂಪವೇ ಇರಲಿ, ಆದರೆ ಲೆಕ್ಕಕ್ಕಿಲ್ಲದ ಫೈಲ್‌ಗಳು ಇಪ್ಪತ್ತು ದಾಟಿದರೆ ಹೆಸರಿನ ಬದಲು ಸಂಖ್ಯೆ ಹೇಳಿ ಸುಮ್ಮನಾಗಲಿ ಎಂಬುದು ನನ್ನ ಆಸೆ. ಸದ್ಯಕ್ಕೆ ನನ್ನ ಲ್ಯಾಪ್‌ಟಾಪಿನಲ್ಲಿ ಚಿಕ್ಕದನ್ನೇ ಇಟ್ಟುಕೊಂಡಿದ್ದೇನೆ. ಕಮಿಟ್‌ಗೆ ಮುಂಚೆ ಮಾತ್ರ ಉದ್ದದ್ದನ್ನು ಕೇಳಿ ತರಿಸಿಕೊಳ್ಳುತ್ತೇನೆ.